ಪೈಲವಾನನ ಹಲಗೆಯ ಮೇಲಿನ ಹಳದಿ

ಸೋಮವಾರ ಬೆಳಿಗ್ಗೆ ಜೀವಶಾಸ್ತ್ರದ ಕೋಣೆಯ ಬಾಗಿಲು ತೆಗೆದಾಗ ಮೊದಲು ಕಂಡದ್ದು ಖಾಲಿ ಕೊಂಡಿ. ಕಬ್ಬಿಣದ ಸ್ಟ್ಯಾಂಡು ಅಲ್ಲೇ ಇತ್ತು. ಅದರ ಕೆಳಗಿನ ಹಲಗೆಯೂ ಇತ್ತು. ತೂಗುತ್ತಿದ್ದ ಅಸ್ಥಿಪಂಜರ ಮಾತ್ರ ಇಲ್ಲ.

ಬೀಗ ಮುರಿದಿರಲಿಲ್ಲ. ಕಿಟಕಿಯ ಸರಳು ಬಗ್ಗಿರಲಿಲ್ಲ. ಸೂಕ್ಷ್ಮದರ್ಶಕಗಳು ಕಪಾಟಿನಲ್ಲಿ ಇಟ್ಟ ಹಾಗೇ ಇದ್ದವು. ಅವನ್ನು ಮುಟ್ಟದೆ ಎಲುಬು ಹೊತ್ತುಕೊಂಡು ಹೋದ ಕಳ್ಳ ಎಂಥವನು?

ಆ ಪಂಜರ ಪ್ಲಾಸ್ಟಿಕ್ಕಿನದಲ್ಲ, ನಿಜವಾದ ಮನುಷ್ಯನ ಎಲುಬು. ನಾನು ಪುಣೆಯ ಈ ಕನ್ನಡ ಶಾಲೆಗೆ ಸಿಪಾಯಿಯಾಗಿ ಸೇರಿದ ವರ್ಷ ಮರದ ಪೆಟ್ಟಿಗೆಯಲ್ಲಿ ಬಂದಿತ್ತು. ಮೊಳೆ ಕಿತ್ತು ಹೊರಗೆ ತೆಗೆದವನು ನಾನೇ. ಎದೆಗೂಡು ಅಗಲವೆಂದು ಆಗಿನ ಮಕ್ಕಳು ಪೈಲವಾನ ಎಂದು ಕರೆದರು. ಆ ಮಕ್ಕಳ ಮಕ್ಕಳೂ ಹಾಗೇ ಕರೆಯುತ್ತಿದ್ದರು.

ಕೋಣೆಗೆ ಕೀಲಿಕೈ ಎರಡು. ಒಂದು ಮುಖ್ಯಾಧ್ಯಾಪಕ ದಿಗಂಬರ ಸರ್ ಹತ್ತಿರ. ಇನ್ನೊಂದು ಆಫೀಸಿನ ಗೋಡೆಯ ಮೇಲೆ. ಅದನ್ನು ಶನಿವಾರ ಹತ್ತನೆಯ ತರಗತಿಯ ಶಿವಕಾಂತಾ ಒಯ್ದು, ಸೋಮವಾರ ಬೆಳಿಗ್ಗೆ ನನ್ನ ಕೈಗೆ ತಂದು ಕೊಟ್ಟಿದ್ದಳು. ಪ್ರಯೋಗಕ್ಕೆ ಮೊಳಕೆ ಹಾಕಿದ್ದ ಕಾಳುಗಳಿಗೆ ಭಾನುವಾರ ನೀರು ಬೇಕಿತ್ತು. ಆ ಕೆಲಸ ಕೊಟ್ಟವರು ಜೀವಶಾಸ್ತ್ರ ಕಲಿಸುವ ಅನುಸೂಯಾ ಅಕ್ಕೋರು. ಭಾನುವಾರ ನನಗೆ ರಜೆ. ಶಾಲೆಯಲ್ಲಿ ಬೇರೆ ಯಾರೂ ಇರುವುದಿಲ್ಲ.

ಪ್ರಾರ್ಥನೆ ಮುಗಿದೊಡನೆ ದಿಗಂಬರ ಸರ್ ಇಡೀ ಶಾಲೆಯ ಎದುರು ಆ ಹುಡುಗಿಯ ಹೆಸರು ಹಿಡಿದು ಕೂಗಿದರು.

"ಕಳುವು ಮಾಡಿದವರಿಗೆ ಈ ಶಾಲಿಯೊಳಗ ಜಾಗಾ ಇಲ್ಲ."

ಮಕ್ಕಳೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿ ನಿಂತಿದ್ದವರು ಒಂದು ಹೆಜ್ಜೆ ಸರಿದರು. ಶಿವಕಾಂತಾ ಅಳಲಿಲ್ಲ. ತುಟಿ ಬಿಳಿಚಿಕೊಂಡಿತ್ತು, ಅಷ್ಟೆ.

ಅವಳ ಅಪ್ಪ ಫಕೀರಪ್ಪ ಯಾದಗಿರಿ ಕಡೆಯವನು. ಕೋಥರೂಡದಲ್ಲಿ ಏಳುತ್ತಿದ್ದ ಕಟ್ಟಡದಿಂದ, ಕಾಲಿಗೆ ಮೆತ್ತಿದ ಸಿಮೆಂಟಿನಲ್ಲೇ ಓಡಿ ಬಂದ. ಆಫೀಸಿನಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಬರೂ ತಿಂಗಳ ಬೋರ್ಡ್ ಪರೀಕ್ಷಾ ಅದ, ನನಗೂ ಗೊತ್ತದ," ಎಂದರು ಸರ್. "ಆದ್ರ ಟಿ.ಸಿ. ಕೊಡದ ಬ್ಯಾರೆ ಗತಿ ಇಲ್ಲ."

"ಕೊಟ್ಟ ಬಿಡ್ರಿ ಸರ. ಸಾಲಿ ಸಾಕು. ಊರಾಗ ಇಕಿ ಸೋದರಮಾವ ಕೇಳಾಕತ್ಯಾನ. ಲಗ್ನಾ ಮಾಡಿ ಕಳಸ್ತೀನಿ."

"ಅಪ್ಪಾ, ನಾ ಒಯ್ದಿಲ್ಲ."

"ಸುಮ್ಕಿರು. ಎಷ್ಟು ಮಂದಿ ಮುಂದ ಮಾನ ಹೋತು."

ಸರ್ ಪೆನ್ನು ತೆಗೆದರು. "ಏನು ಧೈರ್ಯ ಇರಬೇಕು. ಒಬ್ಬ ಹಡೆದ ಹೆಣ್ಣಮಗಳ ಎಲುಬು ಅದು. ಅದನ್ನೂ ಬಿಡಲಿಲ್ಲಂದ್ರ—"

ಬಾಗಿಲ ಹತ್ತಿರ ನಿಂತಿದ್ದ ಅನುಸೂಯಾ ಅಕ್ಕೋರು ತಟ್ಟನೆ ತಲೆ ಎತ್ತಿದರು. ಹುಡುಗಿಯ ಮೇಲಿನ ಮರುಕ ಎಂದುಕೊಂಡೆ.

"ಸರ್, ಮಧ್ಯಾಹ್ನದ ತನಕ ಬರೀಬ್ಯಾಡ್ರಿ."

"ಮಧ್ಯಾಹ್ನ ಆದ ಮ್ಯಾಲೆ ಏನಾಗ್ತದ?"

"ಯಾರು ಒಯ್ದಾರ ಅಂತ ನಾ ಹೇಳ್ತೀನಿ."

ಕೋಣೆಗೆ ಬಂದವರೇ ಅಕ್ಕೋರು ಕೊಂಡಿಯನ್ನು ನೋಡಲಿಲ್ಲ, ಬೀಗವನ್ನೂ ನೋಡಲಿಲ್ಲ. ಮೊಣಕಾಲೂರಿ ಹಲಗೆಯ ಹತ್ತಿರ ಕೂತರು. ಅಲ್ಲಿ ಒಣಗಿದ ಹಳದಿ ಕಲೆಗಳಿದ್ದವು. ಪಂಜರದ ಪಾದಗಳು ತೂಗುತ್ತಿದ್ದ ಜಾಗದಲ್ಲೇ.

"ದತ್ತೂನ ಬಣ್ಣಾರೀ," ಎಂದು ಒರೆಸಲು ಅರಿವೆ ತೆಗೆದೆ. ಕೋಣೆಯ ಹಿಂದಿನ ಗೋಡೆಗೆ ಶುಕ್ರವಾರ ಹಳದಿ ಬಣ್ಣ ಹಚ್ಚಿದ್ದ ಪೇಂಟರ್ ಅವನು.

"ಮುಟ್ಟಬ್ಯಾಡ ಜಟ್ಟೆಪ್ಪ. ಅವನನ್ನ ಕರಿ."

ದತ್ತು ಆಚೆಯ ಕಟ್ಟಡದಿಂದ ಬ್ರಷ್ ಹಿಡಿದುಕೊಂಡೇ ಬಂದ.

"ಇದು ನಿನ್ನ ಬಣ್ಣ ಏನಪಾ?"

ಅವನು ಉಗುರಿನಿಂದ ಕೆರೆದು ನೋಡಿದ. "ಛೆ. ನಂದು ಆಯಿಲ್ ಪೇಂಟ್ ಅದರೀ ಬಾಯೀ. ಹಿಂಗ ಪುಡಿ ಆಗಂಗಿಲ್ಲ."

"ಪೈಲವಾನ ಎಲ್ಲಿ ಹೋದಾ?"

"ನನಗೇನ ಗೊತ್ತು? ಎಲುಬು ಬೇಕಾದ್ರ ನಾ ಖಾಟಿಕನ ಅಂಗಡಿಗೆ ಹೋಗ್ತೀನಿ, ಸಾಲಿಗ್ಯಾಕ ಬರ್ಲಿ? ಶುಕ್ರವಾರ ನೀವು ಇದು ಹೆಂಗಸಿಂದು ಅಂದಾಗ ನನ್ನ ಬ್ರಷ್ ಕೆಳಗ ಬಿತ್ತು. ಹಿಂದಿನ ಬೆಂಚಿನಾಗ ಪಾಠ ನೋಡಾಕ ಕೂತಿದ್ದ ದೊಡ್ಡ ಸರ್ ನನ್ನ ಹಂಗ ನೋಡಿದ್ರು, ಏಣಿಯಿಂದ ನಾನೂ ಬೀಳಬೇಕು."

"ಶನಿವಾರ ಇಲ್ಲಿ ಬಂದಿದ್ದೇನು?"

"ಇಲ್ಲರೀ. ಆ ಕಡೆ ಕೆಲಸ ಹಿಡದಿದ್ದೆ. ಈ ಖೋಲಿ ಚಾವಿ ನನಗ ಯಾರ ಕೊಡ್ತಾರ?"

ಅವನು ಹೋದ ಮೇಲೆ ಅಕ್ಕೋರು ಕೈ ತೊಳೆಯುವ ಸಾಬೂನನ್ನು ನೀರಿನಲ್ಲಿ ಕದಡಿ, ಕಲೆಯ ಮೇಲೆ ಹನಿಸಿದರು. ಹಳದಿ ಹೋಯಿತು. ನಮ್ಮ ಕಣ್ಣೆದುರೇ ಕಲೆ ಕೆಂಪಾಯಿತು.

"ಅರಿಶಿಣ," ಎಂದೆ. ಅಂಗಿಯ ಮೇಲೆ ಬಿದ್ದ ಸಾರು ಒಗೆಯುವಾಗ ಹೀಗೇ ಆಗುತ್ತದೆ.

"ಹೌದು. ಈಗ ಶಿವಕಾಂತಾನ್ನ ಕರಿ."

ಹುಡುಗಿ ಹೊಸ್ತಿಲಲ್ಲೇ ನಿಂತಳು.

"ಒಳಗ ಬಾ. ಭಾನುವಾರ ಯಾವಾಗ ಬಂದಿದ್ದಿ?"

"ಮುಂಜಾನೆರೀ. ಕಾಳಿಗೆ ನೀರ ಹಾಕಿ, ಕೀಲಿ ಜಗ್ಗಿ ನೋಡಿ ಹೋದೆ."

"ಆಗ ಪೈಲವಾನ ಇದ್ದನೇನು?"

"ಇದ್ದರು."

"ಇದ್ದರು? ಯಾಕ ಅಷ್ಟು ಮರ್ಯಾದಿ?"

"ಜಾಯಿಂಟ್ ಫ್ಯಾಮಿಲಿ ಅಲ್ಲೇನ್ರಿ ಅಕ್ಕೋರ," ಎಂದಳು. ನಗಲು ಹೋಗಿ ಆಗ ಅತ್ತಳು. ಬೆಳಗಿನಿಂದ ತಡೆದದ್ದೆಲ್ಲ ಒಮ್ಮೆಲೇ ಬಂತು.

ನನಗೆ ಅರ್ಥವಾಗಲಿಲ್ಲ. ಅಕ್ಕೋರು ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ, "ಬರ್ರಿ, ಆಫೀಸಿಗೆ ಹೋಗೋಣು," ಎಂದರು. ಅವರ ಮುಖದಲ್ಲಿ ಗೆದ್ದವರ ಕಳೆ ಇರಲಿಲ್ಲ.

ಟಿ.ಸಿ. ಅರ್ಧ ಬರೆದು ಮೇಜಿನ ಮೇಲಿತ್ತು. ಫಕೀರಪ್ಪ ನಿಂತೇ ಇದ್ದ. ಅಕ್ಕೋರು ನನಗೆ ಬಾಗಿಲು ಮುಚ್ಚಲು ಹೇಳಿದರು.

"ಸರ್, ಹಲಗಿ ಮ್ಯಾಲೆ ಅರಿಶಿಣ ಬಿದ್ದದ. ಒಯ್ಯೂ ಮೊದಲು ಯಾರೋ ಆ ಎಲುಬಿನ ಪಾದಕ್ಕ ಅರಿಶಿಣ ಹಚ್ಚ್ಯಾರ. ನಮ್ಮೊಳಗ ಪಾದಕ್ಕ ಅರಿಶಿಣ ಯಾರಿಗೆ ಹಚ್ಚತೀವಿ?"

"ಮುತ್ತೈದಿಗೆ," ಎಂದ ಫಕೀರಪ್ಪ ತನಗೇ ಎಂಬಂತೆ.

"ಅಂದ್ರ ಒಯ್ದವರಿಗೆ ಇದು ಹೆಣ್ಣಮಗಳು ಅನ್ನೋ ನಂಬಿಕಿ ಇತ್ತು. ಶಾಲಿಯೊಳಗ ಎಲ್ಲಾರಿಗೂ ಪೈಲವಾನ. ಹೆಣ್ಣು ಅಂತ ನಾ ಹೇಳಿದ್ದು ಶುಕ್ರವಾರದ ಪಾಠದಾಗ. ಟೊಂಕದ ಎಲುಬು ಅಗಲ ಅದ, ನೋಡ್ರಿ, ಹಡೆದಿರಬಹುದು ಅಂದೆ."

"ಮತ್ತ?" ಎಂದರು ಸರ್. "ಆ ಪಾಠ ಈ ಹುಡುಗೀನೂ ಕೇಳ್ಯಾಳಲ್ಲ."

"ಶನಿವಾರದ್ದೂ ಕೇಳ್ಯಾಳ. ಅವತ್ತ ನೀವು ಕ್ಯಾಂಪ್ ಏರಿಯಾಕ್ಕ ಮೀಟಿಂಗಿಗೆ ಹೋಗಿದ್ರಿ. ಮಕ್ಕಳ ಕೈಯಾಗ ಅಳತಿ ಪಟ್ಟಿ ಕೊಟ್ಟು ಎಲುಬು ಅಳೆಸಿದೆ. ಎರಡೂ ತೊಡಿ ಎಲುಬು ಒಂದ ಅಳತಿ ಬರಲಿಲ್ಲ. ಟೊಂಕಕ್ಕೂ ಕಾಲಿಗೂ ಕೂಡಂಗಿಲ್ಲ, ಕಾಲು ಗಂಡಸರದು ಅಂತ ಮೊದಲ ಹೇಳಿದಾಕಿ ಇವಳಽ. ಬ್ಯಾರೆ ಬ್ಯಾರೆಯವರ ಎಲುಬು ಕೂಡಿಸಿ ತಂತಿ ಹಾಕಿದ್ದು ಅದು. ನಾ ನನ್ನ ತಪ್ಪು ಒಪ್ಪಿಕೊಂಡೆ. ಮಕ್ಕಳು ಪೈಲವಾನ ಬಿಟ್ಟು ಜಾಯಿಂಟ್ ಫ್ಯಾಮಿಲಿ ಅಂತ ಹೆಸರಿಟ್ರು."

ಸರ್ ಪೆನ್ನು ಕೆಳಗಿಟ್ಟರು.

"ಆ ಪಾದ ಹೆಣ್ಣಮಗಳದಲ್ಲ ಅಂತ ಕಂಡು ಹಿಡಿದಾಕಿ, ಮರುದಿನ ಅದಕ್ಕ ಅರಿಶಿಣ ಯಾಕ ಹಚ್ಚತಾಳ? ಹಚ್ಚಿದವರು ಶುಕ್ರವಾರದ ಪಾಠ ಕೇಳಿದವರು, ಶನಿವಾರದ್ದು ಕೇಳದವರು. ಮಕ್ಕಳೊಳಗ ಅಂಥವರು ಯಾರೂ ಇಲ್ಲ, ಉಳಿದವರು ಇಬ್ಬರು. ದತ್ತೂನ ಕಡೆ ಚಾವಿ ಇಲ್ಲ." ಅಕ್ಕೋರು ಒಂದು ಗಳಿಗೆ ತಡೆದರು. "ನೀವು ಮುಂಜಾನೆ ಹಡೆದ ಹೆಣ್ಣಮಗಳ ಎಲುಬು ಅಂದ್ರಿ. ಚಾವಿ ಇದ್ದು, ಇವತ್ತಿಗೂ ಹಂಗ ತಿಳಕೊಂಡವರು ನೀವೊಬ್ಬರಽ, ಸರ್."

ಸರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಪ್ರಾಚಿಗೆ ಎರಡು ಸಲ ಹೊಟ್ಟಿ ನಿಲ್ಲಲಿಲ್ಲ," ಎಂದರು. ಪ್ರಾಚಿ ಅವರ ಒಬ್ಬಳೇ ಮಗಳು. "ಈಗ ಮತ್ತ ಬಸರು. ಶುಕ್ರವಾರ ಪಾಠದ ಸುದ್ದಿ ಮನಿಯಾಗ ಹೇಳಿದೆ. ನಮ್ಮ ಮನಿಯಾಕಿ ಇಂದೂ ಊಟಾ ಬಿಟ್ಟು ಎದ್ಲು. ಹಡೆದಾಕಿನ್ನ ಇಷ್ಟು ವರ್ಷ ಕೊಂಡಿಗೆ ತೂಗಹಾಕೀರಿ, ಅದಕ್ಕಽ ನನ್ನ ಮಗಳಿಗೆ ಹಿಂಗಾಗ್ಲಿಕತ್ತದ ಅಂದ್ಲು. ಭಾನುವಾರ ಮಧ್ಯಾಹ್ನ ಇಬ್ಬರೂ ಬಂದ್ವಿ. ಪಾದಕ್ಕ ಅರಿಶಿಣ ಹಚ್ಚಿ ನಮಸ್ಕಾರ ಮಾಡಿದ್ಲು. ಕಾರಿನಾಗ ಒಯ್ದು ನದಿಗೆ ಬಿಟ್ವಿ."

"ಈ ಹುಡುಗಿ ಮ್ಯಾಲೆ ಯಾಕ ಹಾಕಿದ್ರಿ?"

"ವಿಜ್ಞಾನ ಕಲಸೂ ಶಾಲಿ ನಡಸಾಂವ ನಾ. ಹಿಂಗ ಮಾಡೇನಿ ಅಂತ ಯಾರ ಮುಂದ ಹೇಳಲಿ? ಚಾವಿ ಇಕಿ ಕಡೆ ಇತ್ತು. ಎಲ್ಲಾರೂ ಇಕಿನ್ನಽ ನೋಡಿದ್ರು." ಧ್ವನಿ ಇಳಿಯಿತು. "ಅನುಸೂಯಾಬಾಯಿ, ಆ ಪಾದ ಯಾರದು?"

"ಯಾರೋ ಗಂಡಸಂದು ಸರ್. ಒಬ್ಬಂದೋ ಇಬ್ಬರದೋ, ಅದೂ ತಿಳಿಯಂಗಿಲ್ಲ."

ಸರ್ ಮೇಜಿನ ಮೇಲಿದ್ದ ಟಿ.ಸಿ. ಹರಿದರು.

"ಹೋಗವಾ, ಕ್ಲಾಸಿಗೆ ಹೋಗು."

ಶಿವಕಾಂತಾ ಕದಲಲಿಲ್ಲ. "ಎಲ್ಲಾರ ಮುಂದ ಕಳ್ಳಿ ಅಂದೀರಿ. ಎಲ್ಲಾರ ಮುಂದ ಅಲ್ಲ ಅನ್ರಿ."

"ಏ, ದೊಡ್ಡವರಿಗೆ—" ಎಂದು ಫಕೀರಪ್ಪ ರಟ್ಟೆ ಹಿಡಿದ. ಅವಳು ಬಿಡಿಸಿಕೊಂಡಳು.

"ನಾಳೆ ಪ್ರಾರ್ಥನಾದಾಗ ಹೇಳ್ತೀನಿ," ಎಂದರು ಸರ್.

"ನಾಳೆ ತನಕ ನಾ ಯಾರ ಪಕ್ಕ ಕೂಡ್ಲಿ ಸರ?"

ಅನುಸೂಯಾ ಅಕ್ಕೋರು ನನ್ನ ಕಡೆ ತಿರುಗಿದರು.

"ಜಟ್ಟೆಪ್ಪ, ಪ್ರಾರ್ಥನಾದ ಗಂಟಿ ಹೊಡಿ."

ಮುಖ್ಯಾಧ್ಯಾಪಕರ ಮಾತಿಲ್ಲದೆ ಆ ಗಂಟೆಯನ್ನು ನಾನು ಎಂದೂ ಮುಟ್ಟಿದವನಲ್ಲ. ಸರ್ ಮುಖ ನೋಡಿದೆ. ಅವರು ಹೂಂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಹೋಗಿ ಹೊಡೆದೆ.