ಕತ್ತರಿಸುವ ಮೇಜು

"ನಿಲ್ಲಿಸಿ! ಅಯ್ಯೋ... ಏನು ಮಾಡಿಬಿಟ್ರಿ ನೀವು?"

ಅವಳು ಓಡಿ ಬರುವಷ್ಟರಲ್ಲಿ ಯಂತ್ರದ ಅಲಗು ಇಳಿದಾಗಿತ್ತು. ಅಪ್ಪನ ಪುಸ್ತಕದ ಬೆನ್ನು ಒಂದು ಕಡೆ, ಹಾಳೆಗಳು ಇನ್ನೊಂದು ಕಡೆ.

ಹಳೆಯ ಇಂಗ್ಲಿಷ್ ಪ್ರಬಂಧಗಳನ್ನು ಮರುಮುದ್ರಿಸುವ ಆ ಪುಟ್ಟ ಪ್ರಕಾಶನದಲ್ಲಿ ಪುಸ್ತಕಗಳ ಬೆನ್ನು ಕತ್ತರಿಸಿ, ಹಾಳೆ ಬಿಡಿಸಿ ಸ್ಕ್ಯಾನ್ ಮಾಡುವ ಕೆಲಸ ಅವನದು. ಅವಳು ಕರಡು ತಿದ್ದಲು ಅಂದೇ ಸೇರಿದ್ದಳು. ಕಳೆದ ಶತಮಾನದ ಆರಂಭದಲ್ಲಿ, ಕಳೆದುಹೋದ ಅಂಗಿ ಗುಂಡಿಯ ಬಗ್ಗೆ, ತಣ್ಣಗಾದ ಚಹಾದ ಬಗ್ಗೆ ಬರೆದು ಮರೆಯಾದ ಲೇಖಕನ ಪುಸ್ತಕ ಅದು. ಮರುಮುದ್ರಣಕ್ಕೆ ಬೇರೆಲ್ಲೂ ಪ್ರತಿ ಸಿಕ್ಕಿರಲಿಲ್ಲ. ಅಪ್ಪ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಕಣ್ಣು ಹೋದ ಮೇಲೂ ಅದನ್ನು ಎದೆಯ ಮೇಲಿಟ್ಟುಕೊಂಡೇ ಮಲಗುತ್ತಿದ್ದರು.

"ಹೇಗೆ ಕೊಟ್ಟೆನೋ ಹಾಗೇ ವಾಪಸ್ ಬರಬೇಕು" ಎಂದು ಹೇಳಿ ಮಗಳ ಕೈಯಲ್ಲಿ ಕಳಿಸಿದ್ದರು.

"ನನ್ನದೇ ತಪ್ಪು" ಎಂದ ಅವನು.

"ತಪ್ಪು ಅಂದ್ರೆ ಅಂಟಿಕೊಳ್ಳುತ್ತಾ? ಕಟುಕ ಕಣ್ರೀ ನೀವು!"

ಅಂದಿನಿಂದ ಅವಳು ಅವನೊಂದಿಗೆ ಮಾತು ಬಿಟ್ಟಳು. ಮನೆಯಲ್ಲಿ ಅಪ್ಪ ಕೇಳಿದಾಗಲೆಲ್ಲ "ಇನ್ನೂ ಕೆಲಸ ಮುಗಿದಿಲ್ಲಪ್ಪಾ" ಎನ್ನುತ್ತಿದ್ದಳು. ಅವನು ಊಟದ ಬಿಡುವಿನಲ್ಲಿ ಕೂತು ಆ ಹಾಳೆಗಳನ್ನು ಹೊಲಿಯುತ್ತಿದ್ದ. ಅವಳು ನೋಡಿಯೂ ನೋಡದವಳಂತೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಇನ್ನೊಂದು ಪುಸ್ತಕವನ್ನು ಕಿಟಕಿಯ ಪಕ್ಕ ಇಟ್ಟಳು. ಪ್ರಕಾಶಕಿ ಮೇಡಂ ಗದರಿದರು.

"ಮತ್ತೆ ಅಲ್ಲೇ ಇಟ್ಟೆಯಲ್ಲಮ್ಮಾ! ಕಿಟಕಿ ಹತ್ರದ ಮೇಜು ಬೆನ್ನು ಕತ್ತರಿಸೋದಕ್ಕೆ. ಕತ್ತರಿಸಬಾರದ್ದು ಬಾಗಿಲ ಹತ್ರ ಅಂತ ಸೇರಿದ ದಿನವೇ ಹೇಳಿದ್ನಲ್ಲ? ತಲೆ ಎಲ್ಲಿತ್ತು?"

ಸೇರಿದ ದಿನ ಅಪ್ಪನ ಪುಸ್ತಕವನ್ನೂ ಅವಳು ಇದೇ ಮೇಜಿನ ಮೇಲೆ ಇಟ್ಟಿದ್ದಳು. ಅಂದರೆ... ಅಪ್ಪನ ಪುಸ್ತಕವನ್ನು ಕೊಂದಿದ್ದು ತಾನೇ!

"ನಿಮಗೆ ಗೊತ್ತಿತ್ತಾ?" ಎಂದು ಅವನನ್ನು ಕೇಳಿದಳು.

"ಗೊತ್ತಿತ್ತು."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ನೀವು ಅದೇ ಮನೇಲಿ ಅಪ್ಪನ ಜೊತೆ ಇರಬೇಕು. ನಾನಾದ್ರೆ ಬೈಸಿಕೊಂಡು ಎದ್ದು ಬರ್ತೀನಿ."

ಅಂದಿನಿಂದ ಊಟದ ಬಿಡುವಿನಲ್ಲಿ ಅವಳೂ ಅವನೆದುರು ಕೂತು ದಾರ ಹಿಡಿದುಕೊಡುತ್ತಿದ್ದಳು. ಹೊಲಿಗೆ ಮುಗಿದ ಸಂಜೆ ಇಬ್ಬರೂ ಮನೆಗೆ ಹೋದರು. ಅಪ್ಪ ಪುಸ್ತಕವನ್ನು ಸವರಿದರು. ಬೆರಳು ಬೆನ್ನಿನ ಮೇಲೆ ನಿಂತುಬಿಟ್ಟಿತು.

"ಯಾರು ಕತ್ತರಿಸಿದ್ದು?"

"ನಾನು ಸರ್" ಎಂದ ಅವನು.

'ಸುಮ್ಮನಿದ್ದರೆ ಇಲ್ಲಿಗೇ ಮುಗಿಯುತ್ತೆ...' ಎಂದುಕೊಂಡಳು ಅವಳು. ಆಗಲಿಲ್ಲ.

"ಇಲ್ಲಪ್ಪಾ. ಕತ್ತರಿಸೋ ಮೇಜಿನ ಮೇಲೆ ಇಟ್ಟಿದ್ದು ನಾನು. ಇಷ್ಟು ದಿನ ನಿಮಗೆ ಸುಳ್ಳು ಹೇಳಿದ್ದೂ ನಾನೇ."

ಅಪ್ಪನ ಬೆರಳು ಹೊಸ ಹೊಲಿಗೆಯ ಮೇಲೆ ಹರಿದಾಡಿತು.

"ಹೊಸ ಪ್ರತಿಗಳು ಬರ್ತವೆ ಸರ್. ಇನ್ನು ಯಾರು ಬೇಕಾದ್ರೂ ಓದಬಹುದು."

"ಓದಲಿ, ಒಳ್ಳೇದೇ. ಆದ್ರೆ ನಾನೆಲ್ಲಿ ಓದ್ತೀನಪ್ಪಾ? ನನ್ನ ಪಾಲಿಗೆ ಉಳಿದಿದ್ದದ್ದು ಕೈಗೆ ಸಿಗ್ತಿದ್ದ ಆ ಹಳೇ ಬೆನ್ನೊಂದೇ."

ಪುಸ್ತಕವನ್ನು ಮಂಚದ ಪಕ್ಕಕ್ಕಿಟ್ಟು ಅವರು ಗೋಡೆಯ ಕಡೆ ತಿರುಗಿಕೊಂಡರು.

ಹೊರಗೆ ಮೆಟ್ಟಿಲ ಮೇಲೆ ಅವಳು ಕೂತಳು. ಅವನು ಚಪ್ಪಲಿ ಮೆಟ್ಟಿಕೊಂಡು ನಿಂತೇ ಇದ್ದ.

"ಸುಮ್ನೆ ನನ್ನ ಹೆಸರು ಹೇಳಬಹುದಿತ್ತು ನೀವು" ಎಂದ.

"ಹೇಳಿದ್ರೆ ಅಪ್ಪ ನಿಮ್ಮನ್ನ ಹೊಸಿಲು ದಾಟೋಕೆ ಬಿಡ್ತಿರಲಿಲ್ಲ."

"ಬಿಡದಿದ್ರೆ ಏನಾಯ್ತು?"

"ಏನಾಯ್ತಾ? ನೀವು ಬರದಿದ್ರೆ ನನಗಾಗಲ್ಲ... ಅಷ್ಟೂ ಗೊತ್ತಾಗಲ್ವಾ!"

ಅವನು ಬಾಗಿಲ ಕಡೆ ನೋಡಿದ.

"ನನಗೂ ಆಗಲ್ಲ" ಎಂದ. "ಆದ್ರೆ ನಿಮ್ಮಪ್ಪನಿಗೆ ಆ ಬೆನ್ನು ತಂದುಕೊಡೋಕೂ ನನ್ನ ಕೈಲಿ ಆಗಲ್ಲ. ಬಂದು ಏನು ಮಾಡ್ಲಿ?"

"ಏನೂ ಮಾಡ್ಬೇಡ. ಪಕ್ಕದಲ್ಲಿ ಕೂತ್ಕೋ."

ಅವನು ಚಪ್ಪಲಿ ಬಿಟ್ಟು ಕೂತ.

"ಕೂತೆ" ಎಂದ. "ಈಗ ಅಳು."