ಸದ್ದಿಲ್ಲದ ಸಿನಿಮಾಕ್ಕೊಂದು ಹಳೆಯ ರ‍್ಯಾಮ್

"ರೀ, ಇದು ರ‍್ಯಾಮಾ? ಇಲ್ಲ, ರ‍್ಯಾಮ್ ವೇಷ ಹಾಕಿರೋ ತಗಡಾ?"

ಕಂಪ್ಯೂಟರಿನ ಪುಟ್ಟ ಮೆಮೊರಿ ಪಟ್ಟಿಯೊಂದು ಗಾಜಿನ ಕೌಂಟರ್ ಮೇಲೆ ಟಪ್ಪನೆ ಬಿತ್ತು. ಹಳೆಯ ಕಂಪ್ಯೂಟರೊಂದರ ಹೊಟ್ಟೆ ಬಗೆದು ಕೂತಿದ್ದ ಅಂಗಡಿಯವನು ಬೆಚ್ಚಿ ತಲೆ ಎತ್ತಿದ. ಹಣೆಯ ಮೇಲಿದ್ದ ಕನ್ನಡಕ ಜಾರಿ ತಾನಾಗಿಯೇ ಮೂಗಿನ ಮೇಲೆ ಬಂದು ಕೂತಿತು.

ಎದುರಿಗೆ ಒಬ್ಬಳು ಯುವತಿ. ಬೆರಳ ತುದಿಗಳಲ್ಲಿ ಬಣ್ಣದ ಕಲೆ, ಕೆದರಿದ ಕೂದಲಲ್ಲಿ ಸಿಕ್ಕಿಸಿದ ಪೆನ್ಸಿಲ್. ಕಣ್ಣಲ್ಲಿ ಮಾತ್ರ ಕೆಂಡ!

"ಮೇಡಂ, ನಮ್ಮಲ್ಲಿ ಟೆಸ್ಟ್ ಮಾಡದೆ ಒಂದು ಸ್ಕ್ರೂ ಕೂಡ ಹೊರಗೆ ಹೋಗಲ್ಲ" ಎಂದ ಅವನು. "ಹಾಕುವಾಗ ಸರಿಯಾಗಿ ಕೂರಿಸಿರಲ್ಲ ಅಷ್ಟೇ. ಯಾರು ಹಾಕಿದ್ದು?"

"ನಾನೇ."

"ಅದಕ್ಕೇ..."

ಅವನ ತುಟಿಯಂಚಿನಲ್ಲಿ ಸುಳಿದ ನಗು ನೋಡಿ ಅವಳ ಮೈಯೆಲ್ಲ ಉರಿದುಹೋಯಿತು.

"ಅದಕ್ಕೇ ಅಲ್ಲ! ನಿಮ್ಮ ಹತ್ತಿರ ಎರಡು ತಗೊಂಡಿದ್ದೆ. ಒಂದೊಂದನ್ನೇ ಹಾಕಿ ನೋಡಿದೆ. ಜಾಗ ಬದಲಾಯಿಸಿ ನೋಡಿದೆ. ಒಂದು ಚಿನ್ನದಂಥದ್ದು. ಇದು ಮಾತ್ರ ಅರ್ಧ ಗಂಟೆ ಚೆನ್ನಾಗಿರುತ್ತೆ, ಬಿಸಿ ಆದ್ಮೇಲೆ ಕಂಪ್ಯೂಟರನ್ನೇ ಮಲಗಿಸಿಬಿಡುತ್ತೆ."

ಅವನು ರ‍್ಯಾಮನ್ನು ತೆಗೆದುಕೊಂಡು ಪರೀಕ್ಷೆಗೆಂದೇ ಇಟ್ಟಿದ್ದ ಯಂತ್ರಕ್ಕೆ ಸಿಕ್ಕಿಸಿ, ಗುಂಡಿ ಒತ್ತಿದ. ಪರದೆ ಬೆಳಗಿತು. ಅಂಕಿಗಳು ಸರಾಗವಾಗಿ ಓಡತೊಡಗಿದವು. ಎಲ್ಲವೂ ಸರಿ!

"ನೋಡಿದ್ರಾ?"

"ಇನ್ನೂ ನೋಡಿಲ್ಲ" ಎಂದವಳೇ ಸ್ಟೂಲೊಂದನ್ನು ಎಳೆದು ಕೂತಳು. "ಅರ್ಧ ಗಂಟೆ ಅಂದಿದ್ದೀನಲ್ಲ. ಓಡಲಿ."

'ಇದೆಂಥ ಹಠಮಾರಿಯಪ್ಪ!' ಎಂದುಕೊಂಡ ಅವನು.

'ತಪ್ಪು ನನ್ನದೇ ಆಗಿಬಿಟ್ಟರೆ?' ಎಂದು ಅವಳಿಗೆ ಒಳಗೊಳಗೇ ಅಳುಕು. ಆದರೂ ಕದಲಲಿಲ್ಲ. ಇಬ್ಬರು ಗಿರಾಕಿಗಳು ಬಂದುಹೋದರು. ಫ್ಯಾನು ಕಿರಗುಟ್ಟಿತು. ಅವಳು ಮಾತ್ರ ಪರದೆಯಿಂದ ದೃಷ್ಟಿ ಕೀಳಲಿಲ್ಲ.

ಇದ್ದಕ್ಕಿದ್ದಂತೆ ಪರದೆಯ ಮೇಲೆ ಒಂದು ಕೆಂಪು ಸಾಲು. ಆಮೇಲೆ ಇನ್ನೊಂದು. ನೋಡನೋಡುತ್ತಲೇ ಪರದೆ ತುಂಬ ಕೆಂಪು!

ಅವನ ಮುಖ ಸಪ್ಪಗಾಯಿತು. ವಾದ ಮಾಡುತ್ತಾನೆಂದು ಅವಳು ಟೊಂಕ ಕಟ್ಟಿ ಸಿದ್ಧಳಾಗಿದ್ದಳು. ಅವನು ಕನ್ನಡಕ ತೆಗೆದು ಒರೆಸಿಕೊಂಡು, ನೇರವಾಗಿ ಅವಳ ಕಣ್ಣು ನೋಡಿದ.

"ತಪ್ಪು ನನ್ನದೇ ರೀ. ಹತ್ತು ನಿಮಿಷ ಓಡಿಸಿ ಸರಿ ಇದೆ ಅಂತ ಕೊಟ್ಟುಬಿಟ್ಟೆ. ಮೇಲಿಂದ ನಿಮ್ಮನ್ನೇ ಅಂದೆ... ಕ್ಷಮಿಸಿ."

ಅಷ್ಟು ಸುಲಭಕ್ಕೆ ಕ್ಷಮೆ ಕೇಳುವ ಗಂಡಸನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಕೆಂಡವೆಲ್ಲ ಎಲ್ಲಿ ಹೋಯಿತೋ!

"ಹೋಗಲಿ ಬಿಡಿ... ನನಗೆ ಬೇಗ ಒಂದು ಒಳ್ಳೇದು ಕೊಡಿ, ಸಾಕು."

"ಇಷ್ಟು ಹಳೇ ಕಂಪ್ಯೂಟರ್ ಇಟ್ಕೊಂಡು ಅಂಥದ್ದೇನು ಕೆಲಸ ಮಾಡ್ತೀರಿ?"

ಅವಳು ಹೇಳಿಕೊಂಡಳು.

ಅವಳು ಚಿತ್ರಗಾರ್ತಿ. ಪುಸ್ತಕಗಳಿಗೆ ಚಿತ್ರ ಬರೆದು ಮನೆ ನಡೆಸುವವಳು. ಅವಳ ಬೆನ್ನಿಗೆ ಹುಟ್ಟಿದ ತಂಗಿಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಚುಕ್ಕಿ ಎಂದು. ಚುಕ್ಕಿ ಈಗ ತನ್ನಂಥ ಮಕ್ಕಳ ಶಾಲೆಯಲ್ಲೇ ಟೀಚರ್. ಅವಳು ಕೈಸನ್ನೆಯಲ್ಲಿ ಕಥೆ ಹೇಳಲು ನಿಂತರೆ ಮಕ್ಕಳು ಊಟವನ್ನೂ ಮರೆಯುತ್ತಾರೆ.

"ಟೀವಿಯಲ್ಲಿ ಎಷ್ಟೊಂದು ಕಾರ್ಟೂನ್ ಬರುತ್ತೆ. ಆ ಮಕ್ಕಳ ಭಾಷೆಯಲ್ಲಿ ಒಂದಾದ್ರೂ ಇದೆಯಾ?" ಎಂದಳು ಚಿತ್ರಗಾರ್ತಿ. "ಅದಕ್ಕೇ ನಾವು ಮಾಡ್ತಿದ್ದೀವಿ. ದಾರಿ ತಪ್ಪಿದ ನರಿಮರಿಯ ಕಥೆ. ಮರಿಯ ಕೈಗಳೇ ಮಾತಾಡುತ್ತೆ. ತಂಗಿ ಸನ್ನೆ ಮಾಡ್ತಾಳೆ, ನಾನು ಒಂದೊಂದು ಬೆರಳನ್ನೂ ನೋಡಿ ಬರೀತೀನಿ. ಆದರೆ ಚಿತ್ರಗಳನ್ನೆಲ್ಲ ಜೋಡಿಸೋಕೆ ಹೋದ್ರೆ ಸಾಕು, ಕಂಪ್ಯೂಟರ್ ಕೈಕಾಲು ಬಿಟ್ಟುಬಿಡುತ್ತೆ. ಶಾಲೆ ವಾರ್ಷಿಕೋತ್ಸವ ಹತ್ತಿರ ಬಂತು. ಹೊಸ ಕಂಪ್ಯೂಟರ್ ತಗೋ ಅಂತಾರೆ ಅಮ್ಮ. ಅದು ಆಮೇಲಿನ ಮಾತು. ಇದರಲ್ಲೇ ಮುಗಿಸ್ತೀನಿ!"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳುತ್ತಿದ್ದ.

"ನಾಳೆ ನಾನೇ ಮನೆಗೆ ತಂದು ಹಾಕ್ತೀನಿ" ಎಂದ. "ಈ ಸಲ ಇಡೀ ರಾತ್ರಿ ಓಡಿಸಿ ನೋಡಿದ್ದನ್ನೇ."

ಮರುದಿನ ಅವನು ಮಾತಿನಂತೆ ಬಂದ. ರ‍್ಯಾಮ್ ಕೂರಿಸಿದ. ಬರೀ ಅಷ್ಟು ಮಾಡಿ ಹೋಗಲಿಲ್ಲ. ಪೆಟ್ಟಿಗೆಯ ಒಳಗಿನ ಧೂಳನ್ನೆಲ್ಲ ಬ್ರಷ್‌ನಿಂದ ಗುಡಿಸಿ ತೆಗೆದ. "ಇಷ್ಟು ಧೂಳಲ್ಲಿ ಒಂದು ಗಿಡ ನೆಡಬಹುದಿತ್ತು ರೀ!" ಎಂದಾಗ ಅಮ್ಮ ಅಡುಗೆಮನೆಯಿಂದಲೇ ನಕ್ಕರು.

ಪರದೆಯ ಮೇಲೆ ನರಿಮರಿ ಮೊದಲ ಸಲ ಎಲ್ಲೂ ನಿಲ್ಲದೆ ಕೈಯಾಡಿಸಿತು. ಚುಕ್ಕಿ ಕುಣಿದಳು. ಅವನ ಕಡೆ ತಿರುಗಿ ಗಲ್ಲದಿಂದ ಕೈಯನ್ನು ಮುಂದೆ ಚಾಚಿದಳು.

"ಥ್ಯಾಂಕ್ಸ್ ಅಂತಿದಾಳೆ" ಎಂದಳು ಅಕ್ಕ.

"ಅದಕ್ಕೆ ಉತ್ತರ ಹೇಗೆ ಹೇಳೋದು?"

ಆ ಪ್ರಶ್ನೆ ಅವಳ ಎದೆಯಲ್ಲಿ ಎಲ್ಲೋ ಹೋಗಿ ನಾಟಿತು. ಮನೆಗೆ ಬಂದವರೆಲ್ಲ ಚುಕ್ಕಿಯನ್ನು ನೋಡಿ ಒಂದೇ ಮಾತು ಆಡುತ್ತಿದ್ದರು... "ಪಾಪ!" ನೆಂಟರು, ನೆರೆಯವರು, ಬಸ್ಸಿನಲ್ಲಿ ಪಕ್ಕ ಕೂತವರು. ಉತ್ತರ ಹೇಗೆ ಹೇಳುವುದೆಂದು ಕೇಳಿದವನು ಇವನೊಬ್ಬನೇ.

ಆಮೇಲೆ ಅವನಿಗೆ ಆ ಬೀದಿಯಲ್ಲಿ ಕೆಲಸ ಹೆಚ್ಚಾಯಿತು. "ಇಲ್ಲೇ ಒಬ್ಬರ ಪ್ರಿಂಟರ್ ನೋಡೋಕೆ ಬಂದಿದ್ದೆ..." ಎನ್ನುತ್ತಿದ್ದ. ಬಂದವನು ಚುಕ್ಕಿಯಿಂದ ಎರಡು ಹೊಸ ಸನ್ನೆ ಕಲಿತು ಹೋಗುತ್ತಿದ್ದ. ಗೇಟಿನ ಸದ್ದಾದರೆ ಚಿತ್ರಗಾರ್ತಿ ಎಳೆಯುತ್ತಿದ್ದ ಗೆರೆ ತುಸು ಸೊಟ್ಟಗಾಗುತ್ತಿತ್ತು.

'ಛೆ, ನನಗೇನಾಗಿದೆ!'

ಏನಾಗಿದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಒಂದು ಸಂಜೆ, ವಾರ್ಷಿಕೋತ್ಸವಕ್ಕೆ ಅವನನ್ನು ಕರೆಯಲು ತಾನೇ ಅಂಗಡಿಗೆ ಹೊರಟಳು. ಕನ್ನಡಿಯ ಮುಂದೆ ಎರಡು ಸಲ ನಿಂತು, ಪೆನ್ಸಿಲ್ ತೆಗೆದಿಟ್ಟು, ಕೂದಲು ಬಾಚಿಕೊಂಡು...

ಅಂಗಡಿಯ ಮೆಟ್ಟಿಲ ಹತ್ತಿರವೇ ಒಳಗಿನ ಮಾತು ಕೇಳಿಸಿತು. ಬಿಲ್ಲಿಂಗ್ ನೋಡಿಕೊಳ್ಳುವ ಅವನ ಅಕ್ಕನ ದನಿ.

"ನಿನ್ನ ಕಂಪ್ಯೂಟರ್ ಆಮೆ ಥರ ತೆವಳ್ತಿದೆ ಕಣೋ! ಅದರ ರ‍್ಯಾಮ್ ಕಿತ್ತು ಆ ಚಿತ್ರದ ಹುಡುಗಿಗೆ ಕೊಟ್ಟೆಯಂತೆ. ಯಾಕೋ?"

"ಆ ಥರದ್ದು ಬೇರೆ ಎಲ್ಲೂ ಸಿಗಲಿಲ್ಲ ಅಕ್ಕ. ಅದೂ ಅಲ್ದೆ... ಪಾಪ ಅನ್ನಿಸ್ತು."

ಪಾಪ!

ಅವಳ ಕಿವಿಯಲ್ಲಿ ಆ ಒಂದೇ ಮಾತು. 'ಇವನೂ ಅಷ್ಟೇನಾ? ನಗು, ಸನ್ನೆ ಕಲಿಕೆ, ಪ್ರಿಂಟರ್ ನೆಪ... ಎಲ್ಲ ಕನಿಕರವಾ?'

ಮೆಟ್ಟಿಲು ಹತ್ತದೆ ಹಿಂದಿರುಗಿದಳು. ಮನೆಗೆ ಹೋಗಿ ಕಂಪ್ಯೂಟರಿನ ಮುಚ್ಚಳ ತೆಗೆದು ಆ ರ‍್ಯಾಮನ್ನು ಕಿತ್ತಳು. ಚುಕ್ಕಿ ಕೈಹಿಡಿದು ತಡೆದರೂ ಕೇಳಲಿಲ್ಲ. ಬಂದ ದಾರಿಯಲ್ಲೇ ನಡೆದು ಅವನ ಮುಂದೆ ಇಟ್ಟಳು.

"ಇದು ನಿಮ್ಮ ಕಂಪ್ಯೂಟರಿಂದ ಕಿತ್ತದ್ದು ಅಂತ ಯಾಕೆ ಹೇಳಲಿಲ್ಲ?"

ಅವನು ತಡವರಿಸಿದ. "ಅದು... ನೀವು ತಗೊಳ್ತಿರಲಿಲ್ಲ ಅಂತ..."

"ಸಾಮಾನು ಕೊಳ್ಳೋಕೆ ಬಂದಿದ್ದೆ ರೀ ನಾನು. ಪಾಪ ಅನ್ನಿಸ್ಕೊಳ್ಳೋಕೆ ಬಂದಿರಲಿಲ್ಲ! ಹುಟ್ಟಿದಾಗಿಂದ ನನ್ನ ತಂಗಿ ಆ ಮಾತು ತಿಂದು ಬೆಳೆದಿದ್ದಾಳೆ. ಅವಳಿಗೆ ಕೇಳಿಸಲ್ಲ, ನನಗೆ ಕೇಳಿಸುತ್ತೆ!"

"ರೀ, ಒಂದು ನಿಮಿಷ ನನ್ನ ಮಾತು..."

ಅವಳು ನಿಲ್ಲಲಿಲ್ಲ. ಬೀದಿಯ ತಿರುವು ದಾಟುವವರೆಗೂ ತಡೆದಿಟ್ಟ ಕಣ್ಣೀರು ಆಮೇಲೆ ಮಾತು ಕೇಳಲಿಲ್ಲ.

ಉಳಿದದ್ದು ಒಂದೇ ರ‍್ಯಾಮ್. ನರಿಮರಿ ಮತ್ತೆ ಮಧ್ಯದಲ್ಲೇ ಕಲ್ಲಾಗಿ ನಿಂತಿತು.

"ಸಾಕು ಬಿಡೇ, ಮುಂದಿನ ವರ್ಷ ತೋರಿಸಿದ್ರಾಯ್ತು" ಎಂದರು ಅಮ್ಮ.

"ಇಲ್ಲಮ್ಮ. ಈ ವರ್ಷ ಶಾಲೆ ಬಿಟ್ಟು ಹೋಗೋ ಮಕ್ಕಳಿಗೆ ಮುಂದಿನ ವರ್ಷ ಎಲ್ಲಿಂದ ಬರುತ್ತೆ?"

ಅವಳು ಸಿನಿಮಾವನ್ನೇ ತುಂಡು ತುಂಡು ಮಾಡಿದಳು. ಕಾಡಿನ ಚಿತ್ರ ಬೇರೆ, ನರಿ ಬೇರೆ, ಕೈ ಬೇರೆ. ಒಂದು ತುಣುಕು ಮುಗಿದ ಮೇಲೆ ಕಂಪ್ಯೂಟರ್ ಆರಿಸಿ, ತಣಿಯಲು ಬಿಟ್ಟು, ಮತ್ತೆ ಇನ್ನೊಂದು. ಹನಿ ಹನಿ ಕೂಡಿದರೆ ಹಳ್ಳ ಎನ್ನುವ ಹಾಗೆ. ಕೆಟ್ಟರೆ ಮತ್ತೆ ಮಾಡಿದಳು. ಅದೂ ಕೆಟ್ಟರೆ ಇನ್ನೊಮ್ಮೆ. ಕಣ್ಣು ಉರಿದವು, ಬೆನ್ನು ಸೆಟೆಯಿತು, ಹಠ ಮಾತ್ರ ಹಾಗೇ ಇತ್ತು.

ಒಂದು ಮಧ್ಯಾಹ್ನ ಚುಕ್ಕಿ ಎದುರಿಗೆ ಬಂದು ನಿಂತು, ಮೂಗಿನ ಮೇಲೆ ಕನ್ನಡಕ ಜಾರಿದಂತೆ ಬೆರಳಾಡಿಸಿದಳು. ಅವನಿಗೆ ಅವಳಿಟ್ಟ ಹೆಸರು ಅದು.

'ಅವನೆಲ್ಲಿ?'

'ಬರಲ್ಲ' ಎಂದಳು ಅಕ್ಕ, ಕೈಯಲ್ಲೇ. 'ಪಾಪ ಅನ್ನೋರ ಜೊತೆ ಸೇರಿಬಿಟ್ಟ.'

ಚುಕ್ಕಿ ಹುಬ್ಬು ಗಂಟಿಕ್ಕಿದಳು. 'ಅವನು ನನ್ನನ್ನು ಯಾವತ್ತೂ ಹಾಗೆ ನೋಡಿಲ್ಲ. ನಾನು ಮುಖ ಓದುತ್ತೇನೆ, ನೀನು ಬರೀ ಮಾತು ಕೇಳುತ್ತೀಯ!'

ಚಿತ್ರಗಾರ್ತಿ ಕೆಲಸದ ನೆಪದಲ್ಲಿ ಪರದೆಯ ಕಡೆ ತಿರುಗಿದಳು. ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ವಾರ್ಷಿಕೋತ್ಸವದ ಬೆಳಿಗ್ಗೆ ಶಾಲೆಯ ಹಾಲ್‌ನಲ್ಲಿ ಕಿಟಕಿಯ ಪರದೆಗಳನ್ನು ಎಳೆದು ಕತ್ತಲು ಮಾಡಿದರು. ನೆಲದ ಮೇಲೆ ಮಕ್ಕಳು. ಬಿಳಿ ಗೋಡೆಯ ಮೇಲೆ ನರಿಮರಿ ಕಣ್ಣು ಬಿಟ್ಟಿತು. ಕಾಡಿನಲ್ಲಿ ಅತ್ತಿತ್ತ ನೋಡಿ, ಪುಟ್ಟ ಕೈಯೆತ್ತಿ ಹೇಳಿತು: 'ಅಮ್ಮಾ, ನಾನು ಇಲ್ಲಿದ್ದೇನೆ!'

ಮುಂದಿನ ಸಾಲಿನ ಒಬ್ಬಳು ಪುಟ್ಟಿ ಎದ್ದು ನಿಂತೇಬಿಟ್ಟಳು. ಗೋಡೆಯ ನರಿಗೆ ತಾನೂ ಕೈಯಾಡಿಸಿ ಉತ್ತರ ಕೊಟ್ಟಳು: 'ಹೆದರಬೇಡ, ಬರ್ತಾಳೆ!'

ಚಿತ್ರಗಾರ್ತಿ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು.

ಕಥೆ ಮುಗಿದಾಗ ಹಾಲ್‌ನಲ್ಲಿ ಒಂದು ಚಪ್ಪಾಳೆಯ ಸದ್ದೂ ಇಲ್ಲ. ಆದರೆ ಇಡೀ ಹಾಲ್‌ನ ಕೈಗಳು ಮೇಲೆದ್ದು, ಗಾಳಿಗೆ ಸಿಕ್ಕ ಎಲೆಗಳಂತೆ ಅಲುಗುತ್ತಿದ್ದವು; ಅಲ್ಲಿನ ಚಪ್ಪಾಳೆಯೇ ಅದು!

ಕೊನೆಯ ಸಾಲಿನಲ್ಲಿ ಎರಡು ಕೈಗಳು ಎಲ್ಲಕ್ಕಿಂತ ಎತ್ತರದಲ್ಲಿದ್ದವು. ಕೆಳಗೆ ಮೂಗಿಗೆ ಜಾರಿದ ಕನ್ನಡಕ. ಒದ್ದೆಯಾದ ಕಣ್ಣು.

ಅವಳು ವರಾಂಡಕ್ಕೆ ಬಂದಾಗ ಅವನು ಕಂಬಕ್ಕೆ ಒರಗಿ ನಿಂತಿದ್ದ.

"ಯಾರು ಕರೆದದ್ದು?"

"ಚುಕ್ಕಿ ಅಂಗಡಿಗೇ ಬಂದಿದ್ರು. ಬೈದ್ರು. ನನಗೆ ಗೊತ್ತಿರೋ ಸನ್ನೆ ಕಮ್ಮಿ, ಆದ್ರೂ ಬೈದಿದ್ದು ಅಂತ ಚೆನ್ನಾಗಿ ಅರ್ಥವಾಯ್ತು."

ನಗು ಬಂದರೂ ಅವಳು ತುಟಿ ಕಚ್ಚಿ ಹಿಡಿದಳು. "ಅಕ್ಕನ ಹತ್ತಿರ ಆಡಿದ್ದು ನಾನೇ ಕಿವಿಯಾರೆ ಕೇಳಿದ್ದೀನಿ."

"ಕೇಳಿದ್ದು ನಿಜ. ಆದ್ರೆ ನೀವೇ ಹೇಳಿ, ಅಕ್ಕನ ಮುಂದೆ ನಾನೇನು ಹೇಳ್ಬೇಕಿತ್ತು? ಒಬ್ಳು ಬಂದು ಬೈದು, ಸ್ಟೂಲ್ ಎಳ್ಕೊಂಡು ಕೂತಳು, ಅವತ್ತಿಂದ ನನಗೆ ಬೇರೆ ಏನೂ ತೋಚ್ತಿಲ್ಲ ಅಂತಲಾ? ನಾಚಿಕೆಯಾಯ್ತು ರೀ. ಬಾಯಿಗೆ ಸಿಕ್ಕಿದ್ದು ಆ ದರಿದ್ರ ಮಾತು. ನನ್ನ ಮನಸ್ಸು ಮುಚ್ಚಿಡೋಕೆ ಹೋಗಿ ನಿಮ್ಮನ್ನ ಸಣ್ಣದು ಮಾಡಿದೆ."

ಅವಳು ಅವನ ಮುಖ ನೋಡಿದಳು. ತಂಗಿ ಮುಖದಲ್ಲಿ ಓದಿದ್ದು ಈಗ ಅವಳಿಗೂ ಕಾಣುತ್ತಿತ್ತು. ಎಷ್ಟು ದಿನದಿಂದ ಅಲ್ಲೇ ಇತ್ತೋ!

"ರ‍್ಯಾಮ್ ಇಲ್ದೇನೂ ಮುಗಿಸಿದ್ರಲ್ಲ" ಎಂದ ಅವನು ಮೆಲ್ಲಗೆ.

"ಮುಗಿಸಿದೆ. ನಿಮ್ಮ ಸಹಾಯ ಇಲ್ದೆ ಬದುಕ್ತೀನಿ, ಅದು ನನಗೂ ಗೊತ್ತಾಯ್ತು, ನಿಮಗೂ ಗೊತ್ತಾಯ್ತು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಅದಕ್ಕೇ ಈಗ ಧೈರ್ಯವಾಗಿ ಕೇಳ್ತೀನಿ. ನಿಮಗೆ ಈಗ ಏನನ್ನಿಸ್ತಿದೆ? ನೇರವಾಗಿ ಹೇಳಿ."

"ಭಯ."

"ಯಾಕೆ?"

"ನೀವು ಇಲ್ಲ ಅಂದುಬಿಟ್ರೆ..."

"ಹೌದು ಅಂದ್ರೆ?"

"ಇನ್ನೂ ಭಯ! ಇಷ್ಟು ಹಠ ಇರೋರ ಜೊತೆ ಬಾಳ್ಬೇಕಲ್ಲ!"

ಈ ಸಲ ನಗು ಅವಳ ಹಿಡಿತಕ್ಕೆ ಸಿಗಲಿಲ್ಲ. ನಗುತ್ತಲೇ ಕಣ್ಣು ತುಂಬಿ ಬಂತು.

"ಹಾಗಾದ್ರೆ ಭಯಪಡಿ" ಎಂದಳು. "ಯಾಕಂದ್ರೆ... ಹೌದು."

ಅಷ್ಟರಲ್ಲಿ ಚುಕ್ಕಿ ಬಾಗಿಲಿಂದ ತಲೆ ಹಾಕಿ ಪಟಪಟನೆ ಕೈಯಾಡಿಸಿದಳು. ಮಕ್ಕಳು ಜಗ್ಗುತ್ತಿದ್ದಾರಂತೆ, ಸಿನಿಮಾ ಇನ್ನೊಂದು ಸಲ ಬೇಕಂತೆ!

"ಬನ್ನಿ" ಎಂದು ಹೊರಟವಳು, ಅವನು ಇನ್ನೂ ಕಂಬದ ಪಕ್ಕದಲ್ಲೇ ನಿಂತಿದ್ದು ನೋಡಿ ಹಿಂದಿರುಗಿ ಬಂದಳು. ಬಣ್ಣದ ಕಲೆಯ ಬೆರಳುಗಳಲ್ಲಿ ಅವನ ಕೈ ಹಿಡಿದುಕೊಂಡಳು.

"ಬಾ."

"ಏನಂದೆ?"

"ಬಾ ಅಂದೆ ಕಣೋ... ಬಾ!"