ಬರಿ ಚೀಲದ ಕಪ್ಪು

ಬಹಳ ಹಿಂದೆ, ಪ್ರಾಣಿಗಳು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ ಕಾಲದಲ್ಲಿ, ಕಂಚಿನಕೋಟೆ ಅಂತ ಒಂದು ರಾಜ್ಯವಿತ್ತು. ಅಲ್ಲಿನ ದೊರೆ ಹೊನ್ನರಸ. ಮನುಷ್ಯ ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ. ಕಡೆಗೆ ಯಾರು ಮಾತಾಡಿದರೋ ಅವರು ಹೇಳಿದ್ದೇ ಸರಿ ಅನ್ನುವ ಪೈಕಿ. ಅಂಥವನ ಕೈಗೆ ರಾಜ್ಯ ಕೊಟ್ಟರೆ ಏನಾಗುತ್ತೋ ಅದೇ ಆಯಿತು.

ಅವನ ಸಭೆಯ ನಡುವೆ ಮೂರಾಳೆತ್ತರದ ಒಂದು ಸಾರಯಂತ್ರ ನಿಂತಿತ್ತು. ಕೆಳಗೆ ತಾಮ್ರದ ಆಮೆ, ಅದರ ಹೊಟ್ಟೆಯಲ್ಲಿ ಮಂತ್ರಜಲ ಕುದಿಯುತ್ತಿತ್ತು. ತುತ್ತತುದಿಯಲ್ಲಿ ಮಂಜಿನ ಕೊಕ್ಕರೆ, ಏರಿ ಬಂದ ಆವಿ ಅದರ ರೆಕ್ಕೆಗೆ ತಾಕಿ ತಣ್ಣಗಾಗಿ ಹನಿಯುತ್ತಿತ್ತು. ನಡುವೆ ಗಾಜಿನ ಹಾವು, ಸುರುಳಿಯೊಳಗೆ ಒಂದು ನೂಲಿನ ಚೀಲ ಹಿಡಿದು ಕೂತಿತ್ತು. ಅರಮನೆಗೆ ಬಂದ ಯಾವ ತಿನಿಸನ್ನಾದರೂ ಮೊದಲು ಆ ಚೀಲಕ್ಕೆ ಹಾಕಬೇಕು. ಹನಿಗಳು ಅದರ ಮೇಲೆ ಬಿದ್ದು, ಸಾರ ಬಿಡಿಸಿಕೊಂಡು, ಹಾವಿನೊಳಗೆ ತುಂಬುತ್ತಾ ಬರುತ್ತಿದ್ದವು. ಹೆಡೆಯ ಮಟ್ಟ ಮುಟ್ಟಿದ ಕೂಡಲೇ ಹಾವು ಕತ್ತು ಬಗ್ಗಿಸಿ ಅಷ್ಟನ್ನೂ ಆಮೆಯ ಹೊಟ್ಟೆಗೆ ಇಳಿಸುತ್ತಿತ್ತು. ಕಡೆಗೆ ಆಮೆ ಒಂದು ಬಟ್ಟಲು ಸಾರ ಉಗುಳುತ್ತಿತ್ತು. ಸಾರ ಯಾವ ಬಣ್ಣವಿದ್ದರೂ ಚಿಂತೆಯಿಲ್ಲ, ಕಪ್ಪಾದರೆ ಮಾತ್ರ ವಿಷ. ಕಪ್ಪು ಯಾರದ್ದೋ ಅವರು ಕಲ್ಲಾಗಲಿ ಅನ್ನುವ ಮಂತ್ರ ಆ ಯಂತ್ರದ ಮೇಲಿತ್ತು.

ಯಂತ್ರ ನೋಡಿಕೊಳ್ಳುತ್ತಿದ್ದವನು ಧೂಮಕೇಶ ಅನ್ನುವ ಮಾಂತ್ರಿಕ. ಹಿಂದೊಮ್ಮೆ ಶತ್ರುರಾಜ ಕಾಸರ್ಕದ ವಿಷಬೀಜ ಅರೆದು ಹಾಕಿದ ಪಾಯಸ ಕಳಿಸಿದ್ದ. ಅದನ್ನು ಧೂಮಕೇಶ ಹಿಡಿದ. ನಿಜವಾಗಿಯೂ ಹಿಡಿದ, ಇಲ್ಲ ಅನ್ನಲ್ಲ. ದೊರೆ ಅವನಿಗೆ ಶಾಲು ಹೊದಿಸಿ ಪಕ್ಕದಲ್ಲೇ ಪೀಠ ಕೊಟ್ಟ. ಆ ಪೀಠದ ರುಚಿ ಹತ್ತಿತು ನೋಡಿ, ಅವತ್ತಿನಿಂದ ಆಸಾಮಿ ಆಮೆಯ ಹೊಟ್ಟೆ ತೊಳೆಯಲೇ ಇಲ್ಲ. ವಿಷದ ಕರಿ ಒಳಗೆ ಗಟ್ಟಿಯಾಗಿ ಕೂತಿತ್ತು. ಸಣ್ಣ ಉರಿಯಲ್ಲಿ ಅದು ಕದಲುತ್ತಿರಲಿಲ್ಲ, ಉರಿ ಜೋರು ಮಾಡಿದರೆ ಬಿಟ್ಟುಕೊಳ್ಳುತ್ತಿತ್ತು. ಬೇಕಾದವರು ಬಂದರೆ ಸಣ್ಣ ಉರಿ, ಬೇಡದವರು ಬಂದರೆ ದೊಡ್ಡ ಉರಿ. ಎದುರು ಮಾತಾಡಿದ ಮಾಲಿ ಕಲ್ಲಾದ, ನಕ್ಕ ಮೊಸರಿನವಳು ಕಲ್ಲಾದಳು. ಅವರನ್ನೆಲ್ಲ ತೋಟದಲ್ಲಿ ಸಾಲಾಗಿ ನಿಲ್ಲಿಸಿ, ಸಂಜೆ ಅಲ್ಲಿ ಗಾಳಿ ಸೇವನೆಗೆ ಹೋಗುತ್ತಿದ್ದ, ಪಾಪಿ.

ಒಂದು ಸಲ ಅವನು ಚಪ್ಪಲಿ ಮೆಟ್ಟಿಕೊಂಡೇ ಅಡುಗೆಮನೆಗೆ ನುಗ್ಗಿದ. ಅಲ್ಲಿದ್ದವಳು ರಾಜಕುಮಾರ ಮಾದರಸನ ಸಾಕುತಾಯಿ ಪುಟ್ಟೀರವ್ವ.

"ಆಚೆ ಬಿಟ್ಟು ಬಾರಪ್ಪ. ಇದು ಅನ್ನ ಬೇಯೋ ಜಾಗ" ಅಂದಳು.

ಅಷ್ಟೇ ಅವಳು ಅಂದಿದ್ದು. ಧೂಮಕೇಶ ಹಲ್ಲು ಕಚ್ಚಿಕೊಂಡು ಹೋದ.

ಮಾದರಸನ ಹುಟ್ಟುಹಬ್ಬಕ್ಕೆ ಪುಟ್ಟೀರವ್ವ ಯಾವತ್ತೂ ಎಳ್ಳುಂಡೆ ಕಟ್ಟುತ್ತಿದ್ದಳು. ಆ ವರ್ಷವೂ ಕಟ್ಟಿದಳು. ಮೀಸೆ ಬಂದಿದ್ದರೂ ಹುಡುಗನಿಗೆ ತಡೆಯಲಾಗಲಿಲ್ಲ, ಬಿಸಿ ಇದ್ದಾಗಲೇ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಉಳಿದವು ಸಭೆಗೆ ಹೋದವು. ಧೂಮಕೇಶ ಬೆತ್ತದಿಂದ ಮೂರೂ ಪ್ರಾಣಿಗಳಿಗೆ ಬಾರಿಸಿ ಉರಿ ಜೋರು ಮಾಡಿಸಿದ. ಆಮೆ ಉಗುಳಿದ್ದು ಕಪ್ಪು.

ಪುಟ್ಟೀರವ್ವನ ಪಾದ ನಿಂತಲ್ಲೇ ಕಲ್ಲಾಯಿತು. ಕಲ್ಲು ಮೆಲ್ಲಗೆ ಮೇಲೇರತೊಡಗಿತು.

ಮಾದರಸ ಓಡಿಬಂದ. "ಅಪ್ಪಾಜಿ, ಆ ಉಂಡೆ ನಾನು ಬೆಳಿಗ್ಗೆಯೇ ತಿಂದಿದ್ದೀನಿ. ಗುಂಡುಕಲ್ಲಿನ ಹಾಗೆ ನಿಮ್ಮ ಎದುರಿಗೆ ನಿಂತಿಲ್ವಾ?"

"ಯಂತ್ರ ಸುಳ್ಳು ಹೇಳಲ್ಲ" ಅಂದ ಧೂಮಕೇಶ. "ಇದು ನಿಧಾನದ ವಿಷ."

"ಹೌದು, ನಿಧಾನದ ವಿಷ" ಅಂದ ದೊರೆ.

ಕೇಳಿದಿರಾ ಮಾತು? ಮಗ ಕಣ್ಣೆದುರಿಗೆ ನಿಂತಿದ್ದಾನೆ, ಮಾತಾಡುತ್ತಿದ್ದಾನೆ. ಅಪ್ಪ ಬಟ್ಟಲು ನೋಡುತ್ತಾನೆ. ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬನಾದರೂ ಬಾಯಿ ಬಿಡಬೇಕಲ್ಲ? ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡು ಕೂತಿದ್ದರು. ಕಲ್ಲಾಗುವುದು ತಮ್ಮ ಕಾಲಲ್ಲವಲ್ಲ, ಸದ್ಯ.

ಮಾದರಸ ಹಟ ಹಿಡಿದ. "ಹಾಗಾದರೆ ಯಂತ್ರ ನಾನು ನಡೆಸ್ತೀನಿ."

ಧೂಮಕೇಶ ನಕ್ಕ. "ನಡೆಸು. ಬೆತ್ತ ನನ್ನದು, ಕೊಡಲ್ಲ. ಬೆತ್ತ ಇಲ್ಲದವರು ಬರಿಗೈ ಇಟ್ಟು ನಡೆಸಬೇಕು, ಹಳೇ ಪದ್ಧತಿ. ಪ್ರಾಣಿ ಕೆಲಸ ಮುಗಿಸೋವರೆಗೂ ಕೈ ತೆಗೆಯೋ ಹಾಗಿಲ್ಲ."

ಮಾದರಸ ಒಂದು ಎಳ್ಳುಂಡೆ ಹಿಡಿದು ಮೊದಲು ಆಮೆಯ ಹತ್ತಿರ ಕೂತು, ಇದನ್ನ ಹಾಕಲಾ ಅಂತ ಕೇಳಿದ. ಆಮೆ ಪಿಸುಗುಟ್ಟಿತು. "ಅದನ್ನ ಹಾಕಬೇಡ. ಹಾಕಿದರೆ ಮತ್ತೆ ಕಪ್ಪೇ ಬರುತ್ತೆ. ನನ್ನ ಹೊಟ್ಟೆ ತೊಳೆದು ಎಷ್ಟು ಕಾಲ ಆಯ್ತು ಗೊತ್ತಾ?"

"ಈಗಲೇ ತೊಳೀತೀನಿ" ಅಂತ ಮಾದರಸ ಹುಣಸೆಹಣ್ಣಿಗೆ ಎದ್ದವನು ಅರ್ಧದಲ್ಲೇ ನಿಂತ. ಧೂಮಕೇಶ ಸುಮ್ಮನೆ ನೋಡುತ್ತಿದ್ದ, ತಡೆಯುತ್ತಿರಲಿಲ್ಲ. ಈಗ ತೊಳೆದರೆ ಕೊಳೆ ಇತ್ತು ಅನ್ನುವುದಕ್ಕೆ ಗುರುತೇ ಉಳಿಯಲ್ಲ. ರಾಜಕುಮಾರ ಕಣ್ಕಟ್ಟು ಮಾಡಿದ ಅಂತ ಈ ಖದೀಮ ಹೇಳುತ್ತಾನೆ, ಅಪ್ಪಾಜಿ ಹೌದು ಅನ್ನುತ್ತಾರೆ.

"ಮೊದಲು ತೋರಿಸಬೇಕು, ಆಮೇಲೆ ತೊಳೀಬೇಕು. ಹೇಗೆ ತೋರಿಸಲಿ?" ಅಂದ.

"ಹಿಂದೆಲ್ಲ ಯಾವ ಪರೀಕ್ಷೆಗೂ ಮುಂಚೆ ಒಂದು ಸಲ ಬರಿ ಚೀಲ ಇಟ್ಟು ಇಳಿಸ್ತಿದ್ರು" ಅಂದಿತು ಆಮೆ. "ಪಾತ್ರೆ ಶುದ್ಧವಾಗಿದ್ರೆ ತಿಳಿನೀರು ಬರೋದು. ಇವನು ಬಂದ ಮೇಲೆ ಅದು ನಿಂತೋಯ್ತು."

ಮಾದರಸ ಎಲ್ಲರಿಗೂ ಕಾಣುವ ಹಾಗೆ ಹೊಸ ಚೀಲವೊಂದನ್ನು ಒಳಹೊರಗು ಮಾಡಿ ಕೊಡವಿ, ಬರಿದಾಗಿಯೇ ಹಾವಿನ ಸುರುಳಿಯಲ್ಲಿಟ್ಟ. ಧೂಮಕೇಶನ ನಗು ಅಲ್ಲಿಗೆ ನಿಂತಿತು. "ಇದು ಯಂತ್ರಕ್ಕೆ ಅವಮಾನ" ಅಂದ. ಆದರೆ ನಡೆಸು ಅಂತ ಸಭೆಯ ಎದುರು ಬಾಯಿಬಿಟ್ಟು ಹೇಳಿದವನು ಅವನೇ.

ಮಾದರಸ ಆಮೆಯ ಬೆನ್ನ ಮೇಲೆ ಕೈ ಇಟ್ಟು ಉರಿ ಜೋರು ಮಾಡಿದ. ತಾಮ್ರ ಕಾಯಿತು, ಅಂಗೈ ಸುಟ್ಟಿತು.

"ಕೈ ತೆಗೀತೀಯೋ, ಇಡ್ತೀಯೋ?" ಅಂತ ಆಮೆ ಕೇಳಿತು.

"ಇಡ್ತೀನಿ."

ಆವಿ ಎದ್ದು ಮೇಲೇರಿತು. ಪುಟ್ಟೀರವ್ವನ ಮೊಣಕಾಲು ಕಲ್ಲಾಯಿತು.

ಏಣಿ ಹತ್ತಿ ಕೊಕ್ಕರೆಯ ರೆಕ್ಕೆಯ ಮೇಲೆ ಅದೇ ಸುಟ್ಟ ಕೈ ಇಟ್ಟ. ಬೆರಳು ಮರಗಟ್ಟಿ ನೀಲಿಯಾದವು.

"ಕೈ ತೆಗೀತೀಯೋ, ಇಡ್ತೀಯೋ?" ಅಂತ ಕೊಕ್ಕರೆ ಕೇಳಿತು.

"ಇಡ್ತೀನಿ."

ಆವಿ ಹನಿಯಾಗಿ ಬರಿ ಚೀಲದ ಮೇಲೆ ಬಿತ್ತು. ಪುಟ್ಟೀರವ್ವನ ಸೊಂಟ ಕಲ್ಲಾಯಿತು.

ಕೆಳಗಿಳಿದು ಗಾಜಿನ ಹಾವಿನ ಬಾಯೊಳಗೆ ಕೈ ಇಟ್ಟ. ಹಾವು ತುಂಬುವ ತನಕ ಬಗ್ಗುವುದಿಲ್ಲ. ಅವಸರ ಮಾಡಿ ಅಲುಗಾಡಿಸಿದರೆ ಕಚ್ಚುತ್ತದೆ. ಹನಿ ಒಂದೊಂದಾಗಿ ಬೀಳುತ್ತಿತ್ತು. ಪುಟ್ಟೀರವ್ವನ ಎದೆ ಕಲ್ಲಾಯಿತು. ತನ್ನನ್ನು ಎತ್ತಿ ಆಡಿಸಿದ ತೋಳು ಕಲ್ಲಾಗುವುದನ್ನು ಮಾದರಸ ನೋಡಿದ. ಒಂದು ಸಲ ಜೋರಾಗಿ ಅಲ್ಲಾಡಿಸಿಬಿಡೋಣ ಅನ್ನಿಸಿತು. ಕಣ್ಣಲ್ಲಿ ನೀರು ಬಂತು.

"ಕೈ ತೆಗೀತೀಯೋ, ಇಡ್ತೀಯೋ?" ಅಂತ ಹಾವು ಕೇಳಿತು.

"ಇಡ್ತೀನಿ" ಅಂದ, ಅಳುತ್ತಲೇ.

ನೀರು ಹೆಡೆ ಮುಟ್ಟಿತು. ಹಾವು ಕತ್ತು ಬಗ್ಗಿಸಿ ಅಷ್ಟನ್ನೂ ಇಳಿಸಿತು. ಆಮೆ ಬಾಯಿ ತೆರೆದು ಬಟ್ಟಲಿಗೆ ಉಗುಳಿತು. ಕಪ್ಪು, ಎಳ್ಳುಂಡೆಗೆ ಬಂದಷ್ಟೇ ಕಪ್ಪು.

ಮಾದರಸ ಬಟ್ಟಲನ್ನು ಅಪ್ಪನ ಮೂಗಿನ ಹತ್ತಿರ ಹಿಡಿದ. "ಚೀಲದಲ್ಲಿ ಏನೂ ಇರಲಿಲ್ಲ. ನೀವೇ ನೋಡಿದ್ರಿ. ಮಜ್ಜಿಗೆ ಪಾತ್ರೆ ತೊಳೀದೆ ಅದರಲ್ಲೇ ಹಾಲು ಕಾಯಿಸಿದ್ರೆ ಹಾಲು ಒಡೆಯುತ್ತೆ. ಅದಕ್ಕೆ ಯಾರಾದ್ರೂ ಹಸೂಗೆ ಶಿಕ್ಷೆ ಕೊಡ್ತಾರಾ, ಅಪ್ಪಾಜಿ?"

ಅಭ್ಯಾಸಬಲ ನೋಡಿ, ದೊರೆ ತಿರುಗಿ ಧೂಮಕೇಶನ ಮುಖ ನೋಡಿದ.

"ಗಾಳಿ ಕೆಟ್ಟಿದೆ" ಅಂದ ಧೂಮಕೇಶ. "ಇಲ್ಲಾ ರಾಜಕುಮಾರರ ಕೈಯಲ್ಲಿ ಏನೋ ಇದೆ."

"ಬರಿ ಚೀಲದ ಕಪ್ಪು ಯಾರದ್ದು? ಮೂವರೂ ಹೇಳಿ" ಅಂತ ಮಾದರಸ ಪ್ರಾಣಿಗಳನ್ನೇ ಕೇಳಿದ.

"ತೊಳೆಯದವನದ್ದು" ಅಂದಿತು ಆಮೆ. "ತೊಳೆಯದವನದ್ದು" ಅಂದಿತು ಕೊಕ್ಕರೆ. ಹಾವು ಹೆಡೆ ತಿರುಗಿಸಿ ಧೂಮಕೇಶನನ್ನು ತೋರಿಸಿತು.

ಮಂತ್ರಕ್ಕೆ ಅಷ್ಟು ಸಾಕಿತ್ತು. ಪುಟ್ಟೀರವ್ವನ ಗಂಟಲಿಗೆ ಬಂದಿದ್ದ ಕಲ್ಲು ಸರ್ರನೆ ಕೆಳಗಿಳಿದು, ನೆಲದ ಮೇಲೆ ಹರಿದುಹೋಗಿ ಧೂಮಕೇಶನ ಚಪ್ಪಲಿಯಿಂದ ಹತ್ತಿತು. "ಎಲ್ಲರೂ ಮಾಡೋದೇ ಅಲ್ವಾ ಇದು, ನಾನೊಬ್ಬನೇನಾ" ಅಂತ ಏನೋ ಹೇಳುತ್ತಿದ್ದ. ಮಾತು ಮುಗಿಯುವುದರೊಳಗೆ ಬಾಯಿಯೂ ಕಲ್ಲಾಯಿತು.

ದೊರೆ ಪೀಠದಿಂದ ಇಳಿದು ಬಂದು ಪುಟ್ಟೀರವ್ವನಿಗೆ ಕೈ ಮುಗಿದ. "ಯಂತ್ರ ನಂಬಿ ಮೋಸಹೋದೆ, ತಾಯಿ."

ಪುಟ್ಟೀರವ್ವ ಮಾದರಸನ ಸುಟ್ಟ ಕೈಗೆ ಬೆಣ್ಣೆ ಸವರುತ್ತಿದ್ದಳು. ತಲೆ ಎತ್ತಲಿಲ್ಲ. "ಯಂತ್ರದ ಮೇಲೆ ಯಾಕೆ ಹಾಕ್ತೀರಿ ಬುದ್ಧಿ? ಅದು ಇದ್ದಿದ್ದನ್ನ ಉಗುಳ್ತು. ತಿಂದ ಮಗು ನಿಮ್ಮ ಎದುರಿಗೇ ನಿಂತಿತ್ತಲ್ಲ, ಅದನ್ನಾದ್ರೂ ನೋಡಬಾರದಿತ್ತಾ?"



ಆಮೇಲೆ ಹುಣಸೆಹಣ್ಣು, ಬೂದಿ ಬಂತು. ದೊರೆಯೇ ಸೊಂಟಕ್ಕೆ ವಸ್ತ್ರ ಬಿಗಿದು ಆಮೆಯ ಹೊಟ್ಟೆ ತಿಕ್ಕಿದ, ಮಗ ತಿಕ್ಕಿಸಿದ. ಕರಿ ಬಿಟ್ಟಂತೆಲ್ಲ ತೋಟದ ಕಲ್ಲುಗಳು ಒಂದೊಂದಾಗಿ ಉಸಿರಾಡಿದವು. ಮಾಲಿ ಎದ್ದ, ಮೊಸರಿನವಳು ಎದ್ದಳು. ಅವಳು ಬಿಟ್ಟುಹೋದ ತೊಟ್ಟಿಲ ಕೂಸು ಅಷ್ಟರಲ್ಲಿ ಜಡೆ ಹಾಕಿಕೊಳ್ಳುವ ಹುಡುಗಿಯಾಗಿತ್ತು, ಅಮ್ಮನ ಗುರುತು ಸಿಗದೆ ಬಾಗಿಲ ಹಿಂದೆ ಅಡಗಿಕೊಂಡಿತು. ಆ ವರ್ಷಗಳನ್ನು ಯಾವ ದೊರೆ ತಂದುಕೊಡುತ್ತಾನೆ ಹೇಳಿ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಪುಟ್ಟೀರವ್ವ ಹುಡುಗಿಯ ಕೈಗೊಂದು, ತಾಯಿಯ ಕೈಗೊಂದು ಎಳ್ಳುಂಡೆ ಇಟ್ಟು ಇಬ್ಬರನ್ನೂ ಒಂದೇ ಜಗಲಿಯಲ್ಲಿ ಕೂರಿಸಿದಳು. ಕತ್ತಲಾಗುವ ಹೊತ್ತಿಗೆ ಮಗು ಅಮ್ಮನ ತೊಡೆಯ ಮೇಲೆ ಮಲಗಿತ್ತು.

ಅಂದಿನಿಂದ ಕಂಚಿನಕೋಟೆಯಲ್ಲಿ ಬರಿ ಚೀಲ ಇಳಿಸದೆ ಯಾರ ತಿನಿಸನ್ನೂ ಪರೀಕ್ಷೆ ಮಾಡಲಿಲ್ಲ, ಪ್ರಾಣಿಗಳ ಮೇಲೆ ಬೆತ್ತ ಏಳಲಿಲ್ಲ. ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿಕೊಂಡು ಸುಖವಾಗಿದ್ದರು. ಕಪ್ಪು ಧೂಮಕೇಶನದ್ದೇ ಆಗಿದ್ದರಿಂದ ಅವನೊಬ್ಬ ಕಲ್ಲಾಗಿಯೇ ಉಳಿದ. ಆ ಕಲ್ಲನ್ನು ಉರುಳಿಸಿಕೊಂಡು ಹೋಗಿ ಅಡುಗೆಮನೆಯ ಹಿತ್ತಲಲ್ಲಿ ಮಲಗಿಸಿದರು. ಅರಮನೆಯ ಪಾತ್ರೆಗಳನ್ನೆಲ್ಲ ಇವತ್ತಿಗೂ ಅದರ ಮೇಲಿಟ್ಟೇ ತಿಕ್ಕುತ್ತಾರೆ.